ರೆಕ್ಟಿಫೈಯರ್ ಕಾಲಂ: ಡ್ರಮ್ ಲೆವೆಲ್ ನಿಲ್ಲುತ್ತಿಲ್ಲ. ಯಾವ ಲೂಪ್ ಯಾವ ವಾಲ್ವ್‌ಗೆ ಕಟ್ಟಬೇಕು?

ಘಟಪ್ರಭಾ ದಂಡೆ:

ಎಲ್ಲರಿಗೂ ನಮಸ್ಕಾರ. ನಾನು ಬಾಗಲಕೋಟೆ ಕಡೆಯ ಒಂದು ಸಕ್ಕರೆ ಕಾರ್ಖಾನೆಯ ಡಿಸ್ಟಿಲರಿಯಲ್ಲಿ ಇನ್‌ಸ್ಟ್ರುಮೆಂಟ್ ಎಂಜಿನಿಯರ್. ಕೆಲಸಕ್ಕೆ ಸೇರಿ ಮೂರು ವರ್ಷ ಆಯಿತು. ಪ್ಲಾಂಟು ಹಳೆಯದು, ಕಾಕಂಬಿಯಿಂದ ದಿನಕ್ಕೆ 60 ಸಾವಿರ ಲೀಟರ್ ರೆಕ್ಟಿಫೈಡ್ ಸ್ಪಿರಿಟ್ ತೆಗೆಯುತ್ತೇವೆ. ಈ ಹಂಗಾಮಿಗೆ ಮೊದಲು ಹಳೆಯ ಗಾಳಿ ಕಂಟ್ರೋಲರ್‌ಗಳನ್ನೆಲ್ಲ ತೆಗೆದು ಡಿಸಿಎಸ್ (ಕಂಪ್ಯೂಟರ್ ಆಧಾರಿತ ನಿಯಂತ್ರಣ ವ್ಯವಸ್ಥೆ) ಹಾಕಿದರು. ಲೂಪ್ ಕಟ್ಟುವ, ಅಂದರೆ ಯಾವ ಅಳತೆ ನೋಡಿ ಯಾವ ವಾಲ್ವ್ ತಿರುಗಬೇಕು ಅಂತ ಜೋಡಿಸುವ ಜವಾಬ್ದಾರಿ ನನ್ನ ಮೇಲೆ ಬಂದಿದೆ. ಕೇಳಲು ಹಿರಿಯರು ಯಾರೂ ಇಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಕಾಲಂ ಬಗ್ಗೆ ಹೇಳುತ್ತೇನೆ. ಹೊರಗಿನ ಗಾಳಿಯ ಒತ್ತಡದಲ್ಲೇ ಓಡುವ ರೆಕ್ಟಿಫೈಯರ್, ಅಂದರೆ ಸ್ಪಿರಿಟ್‌ನ ಸ್ಟ್ರೆಂತ್ ಏರಿಸುವ ಗೋಪುರ. ಒಳಗೆ ಹಬೆ ಮತ್ತು ದ್ರವ ಸೇರುವ 60 ಟ್ರೇ (ತಟ್ಟೆ), ಬಬಲ್ ಕ್ಯಾಪ್ ಥರದವು. ಅನಲೈಸರ್‌ನಿಂದ (ವಾಶ್, ಅಂದರೆ ಹುದುಗಿಸಿದ ಕಾಕಂಬಿಯಿಂದ ಆಲ್ಕೋಹಾಲ್ ಬಿಡಿಸುವ ಮೊದಲ ಕಾಲಂ) ಬರುವ ಹಬೆಯೇ ಇದರ ಫೀಡ್, ಅದು ಕೆಳಗಿನಿಂದ 14ನೇ ಟ್ರೇಗೆ ಬರುತ್ತದೆ. ತಳಕ್ಕೆ ಬೇರೆ ಸ್ಟೀಮ್ ಇದೆ. ಮೇಲಿನ ಹಬೆ ಕಂಡೆನ್ಸರ್‌ನಲ್ಲಿ ತಣಿದು ರಿಫ್ಲಕ್ಸ್ ಡ್ರಮ್‌ಗೆ ಬೀಳುತ್ತದೆ. ಅಲ್ಲಿಂದ ಇಂಪ್ಯೂರ್ ಸ್ಪಿರಿಟ್ ಎಂದು ಸ್ವಲ್ಪ ತೆಗೆದು ಉಳಿದದ್ದೆಲ್ಲ ಕಾಲಂಗೆ ವಾಪಸ್, ಅದೇ ರಿಫ್ಲಕ್ಸ್. ಗಂಟೆಗೆ ಸುಮಾರು 12 ಘನ ಮೀಟರ್. ಆರ್‌ಎಸ್ (ರೆಕ್ಟಿಫೈಡ್ ಸ್ಪಿರಿಟ್) ಅನ್ನು ಮೇಲಿನಿಂದ ನಾಲ್ಕನೇ ಟ್ರೇಯಿಂದ ಎಳೆಯುತ್ತೇವೆ, ಗಂಟೆಗೆ 2.5 ಘನ ಮೀಟರ್. ತಳದಿಂದ ಸ್ಪೆಂಟ್ ಲೀಸ್ (ಆಲ್ಕೋಹಾಲ್ ತೆಗೆದು ಉಳಿದ ನೀರು) ಹೋಗುತ್ತದೆ.

ನನ್ನ ತೊಂದರೆ ಮೂರು.

ಡ್ರಮ್ ಲೆವೆಲ್ ರಿಫ್ಲಕ್ಸ್ ಫ್ಲೋಗೆ ಕ್ಯಾಸ್ಕೇಡ್ ಆಗಿದೆ, ಅಂದರೆ ರಿಫ್ಲಕ್ಸ್ ಎಷ್ಟು ಹರಿಯಬೇಕು ಅಂತ ಲೆವೆಲ್ ಲೂಪ್ ಹೇಳುತ್ತದೆ. ಮೊದಲು ಗೇನ್ (ತಪ್ಪಿಗೆ ತಕ್ಕಂತೆ ಎಷ್ಟು ಜೋರಾಗಿ ತಿದ್ದಬೇಕು) 1, ಇಂಟಿಗ್ರಲ್ (ಉಳಿದ ತಪ್ಪನ್ನು ಕೂಡಿಸುತ್ತಾ ತಿದ್ದುವ ಸಮಯ) 2 ನಿಮಿಷ ಇತ್ತು. ಲೆವೆಲ್ 20 ನಿಮಿಷಕ್ಕೊಮ್ಮೆ ಮೇಲೆ ಕೆಳಗೆ ಆಗುತ್ತಿತ್ತು. ಗೇನ್ ಜಾಸ್ತಿಯಾಯಿತು ಅಂದುಕೊಂಡು 0.5 ಮಾಡಿದೆ. ಈಗ ಇನ್ನೂ ಜೋರಾಗಿ ಆಡುತ್ತಿದೆ, 27-28 ನಿಮಿಷಕ್ಕೊಮ್ಮೆ. ಇನ್ನೂ ಕಡಿಮೆ ಮಾಡಬೇಕಾ? ಡ್ರಮ್‌ನಲ್ಲಿ ಟ್ರಾನ್ಸ್‌ಮಿಟರ್‌ನ ಸೊನ್ನೆಯಿಂದ ನೂರರವರೆಗೆ 1.5 ಘನ ಮೀಟರ್ ಹಿಡಿಯುತ್ತದೆ. ರಿಫ್ಲಕ್ಸ್ ಫ್ಲೋ ಮೀಟರ್ ರೇಂಜ್ ಗಂಟೆಗೆ 20 ಘನ ಮೀಟರ್.

ಎರಡನೆಯದು, ಕಾಲಂನ ಮೇಲ್ತುದಿಯ ಉಷ್ಣತೆ ನೋಡಿ ಸ್ಟೀಮ್ ಬದಲಾಯಿಸುವ ಲೂಪ್ ಇದೆ. ಅದು ಏನೂ ಮಾಡುತ್ತಿಲ್ಲ. ಸ್ಪಿರಿಟ್ ಸ್ಟ್ರೆಂತ್ ಬಿದ್ದರೂ ಉಷ್ಣತೆ ಕದಲುವುದಿಲ್ಲ. ಅದೂ ಅಲ್ಲದೆ ಪುಸ್ತಕದಲ್ಲಿ 78.15 ಡಿಗ್ರಿ ಅಂತ ಇದೆ, ನಮ್ಮಲ್ಲಿ 76.5 ತೋರಿಸುತ್ತದೆ. ಆರ್‌ಟಿಡಿ (ಉಷ್ಣತೆ ಅಳೆಯುವ ಸೆನ್ಸರ್) ಬದಲಾಯಿಸಿ ನೋಡಿದೆ, ಹೊಸದೂ ಅಷ್ಟೇ ತೋರಿಸುತ್ತದೆ.

ಮೂರನೆಯದು, ಆರ್‌ಎಸ್ ಎಳೆಯುವ ವಾಲ್ವ್ ಮ್ಯಾನ್ಯುವಲ್‌ನಲ್ಲಿದೆ. ಪಾಳಿಯವರು ಹೈಡ್ರೋಮೀಟರ್ ನೋಡಿ ತಿರುಗಿಸುತ್ತಾರೆ. ಇದನ್ನು ಆಟೋ ಮಾಡಬಹುದಾ? ಮಾಡಿದರೆ ಯಾವುದಕ್ಕೆ ಕಟ್ಟಬೇಕು? ಆರ್‌ಟಿಡಿಗಳು ತಳದಲ್ಲಿ, ಕೆಳಗಿನಿಂದ 8, 16, 30 ಮತ್ತು 58ನೇ ಟ್ರೇಗಳಲ್ಲಿ, ಮತ್ತೆ ತುದಿಯಲ್ಲಿ ಇವೆ. ಸದ್ಯದ ರೀಡಿಂಗ್ ತಳದಿಂದ ಹೀಗಿದೆ: 106, 98, 86.5, 81.3, 76.7, 76.5.


ಮೂರರಿಂದ ಹದಿನೈದು:

ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು. ಅಂಕಿ ಅಂಶ ಕೊಟ್ಟು ಕೇಳುವವರು ಕಡಿಮೆ. ನಾನು 34 ವರ್ಷ ಇದೇ ಕೆಲಸ ಮಾಡಿ ನಿವೃತ್ತಿಯಾದವನು. ಕಂಟ್ರೋಲರ್‌ಗಳು 3ರಿಂದ 15 ಪಿಎಸ್‌ಐ ಗಾಳಿಯ ಒತ್ತಡದಲ್ಲೇ ಸಿಗ್ನಲ್ ಕಳಿಸುತ್ತಿದ್ದ ಕಾಲದಲ್ಲಿ ಶುರು ಮಾಡಿದೆ, ಈ ಹೆಸರೂ ಅಲ್ಲಿಂದಲೇ ಬಂದದ್ದು. ಸ್ವಲ್ಪ ಉದ್ದ ಬರೆಯುತ್ತೇನೆ, ಪುರುಸೊತ್ತು ಮಾಡಿಕೊಂಡು ಓದಿ.

ಆರ್‌ಟಿಡಿ ವಿಷಯ ಸುಲಭ, ಅದನ್ನು ಮೊದಲು ಮುಗಿಸೋಣ. ನಿಮ್ಮ ಆರ್‌ಟಿಡಿ ಸರಿಯಾಗಿದೆ, ಹಳೆಯದೂ ಸರಿಯಾಗಿಯೇ ಇತ್ತು. 78.15 ಎನ್ನುವುದು ಸಮುದ್ರ ಮಟ್ಟದ ಲೆಕ್ಕ, ಅಂದರೆ 101.3 ಕಿಲೋಪ್ಯಾಸ್ಕಲ್ ಒತ್ತಡದ್ದು. ಬಾಗಲಕೋಟೆ ಸುಮಾರು 530 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ 95ರ ಆಸುಪಾಸು. ಒಂದು ಕಿಲೋಪ್ಯಾಸ್ಕಲ್‌ಗೆ ಆಲ್ಕೋಹಾಲ್‌ನ ಕುದಿಯುವ ಬಿಂದು 0.26 ಡಿಗ್ರಿಯಷ್ಟು ಬದಲಾಗುತ್ತದೆ. ಆರು ಕಿಲೋಪ್ಯಾಸ್ಕಲ್‌ಗೆ ಒಂದೂವರೆ ಡಿಗ್ರಿಗಿಂತ ಸ್ವಲ್ಪ ಜಾಸ್ತಿ. 78.15ರಲ್ಲಿ ಅಷ್ಟನ್ನು ಕಳೆದರೆ ನಿಮ್ಮ 76.5 ಬಂತು, ಅಲ್ವಾ?

ಇನ್ನು ಆ ತುದಿಯ ಉಷ್ಣತೆ ಯಾಕೆ ಕದಲುವುದಿಲ್ಲ ಅಂದರೆ, ಅದಕ್ಕೆ ಹೇಳಲು ಏನೂ ಇಲ್ಲ. ಆಲ್ಕೋಹಾಲ್ ಮತ್ತು ನೀರು ಒಂದು ಹಂತದ ಮೇಲೆ ಬೇರೆಯಾಗುವುದಿಲ್ಲ. ತೂಕದಲ್ಲಿ ಶೇ 95.6ರ ಹತ್ತಿರ, ಗಾತ್ರದಲ್ಲಿ ಶೇ 97ರ ಹತ್ತಿರ ಅಝಿಯೋಟ್ರೋಪ್ ಇದೆ. ಅದರ ಪಕ್ಕದಲ್ಲಿ ಉಷ್ಣತೆಯ ಗೆರೆ ಚಪ್ಪಟೆ. ಸಮುದ್ರ ಮಟ್ಟದ ಲೆಕ್ಕದಲ್ಲಿ ಶೇ 97ರಿಂದ ಶೇ 92ಕ್ಕೆ ಸ್ಟ್ರೆಂತ್ ಬಿದ್ದರೂ ಕುದಿಯುವ ಬಿಂದು 78.15ರಿಂದ 78.41ಕ್ಕೆ ಏರುತ್ತದೆ, ಅಷ್ಟೇ. ಐದು ಪಾಯಿಂಟ್ ಸ್ಪಿರಿಟ್ ಕೆಟ್ಟರೆ ಕಾಲು ಡಿಗ್ರಿ! ಒತ್ತಡ ಒಂದು ಕಿಲೋಪ್ಯಾಸ್ಕಲ್ ಏರಿದರೂ ಅದೇ ಕಾಲು ಡಿಗ್ರಿ. ಕ್ಲಾಸ್ ಎ ಆರ್‌ಟಿಡಿಯ ತಪ್ಪಿನ ಅಂಚೇ ಅಲ್ಲಿ 0.3 ಡಿಗ್ರಿ. ಆ ಲೂಪ್ ಅನ್ನು ಇವತ್ತೇ ಮ್ಯಾನ್ಯುವಲ್‌ಗೆ ಹಾಕಿ.

ಈಗ ಲೆವೆಲ್. ಇದನ್ನು ನಿಧಾನವಾಗಿ ಹೇಳಬೇಕು, ಯಾಕೆಂದರೆ ನೀವು ಮಾಡಿದ್ದನ್ನೇ ನಾನೂ ಮಾಡಿದ್ದೇನೆ.

ಲೆವೆಲ್ ಎನ್ನುವುದು ಕೂಡುವ ಲೆಕ್ಕ. ಬಂದದ್ದು ಮತ್ತು ಹೋದದ್ದರ ವ್ಯತ್ಯಾಸ ಡ್ರಮ್‌ನಲ್ಲಿ ಸೇರುತ್ತಾ ಹೋಗುತ್ತದೆ. ಅಂದರೆ ಡ್ರಮ್ ತಾನೇ ಒಂದು ಇಂಟಿಗ್ರೇಟರ್. ಕಂಟ್ರೋಲರ್‌ನ ಇಂಟಿಗ್ರಲ್ ಇನ್ನೊಂದು. ಇಬ್ಬರು ಇಂಟಿಗ್ರೇಟರ್‌ಗಳು ಒಬ್ಬರ ಹಿಂದೆ ಒಬ್ಬರು ಕೂತರೆ ಅದು ಉಯ್ಯಾಲೆ. ಉಯ್ಯಾಲೆಯನ್ನು ಹಿಡಿದು ನಿಲ್ಲಿಸುವ ಕೈ ಗೇನ್ ಒಂದೇ. ನೀವು ಆ ಕೈಯನ್ನೇ ಸಡಿಲ ಮಾಡಿದ್ದೀರಿ. ಉಳಿದ ಲೂಪ್‌ಗಳಲ್ಲಿ ಆಡುತ್ತಿದ್ದರೆ ಗೇನ್ ಇಳಿಸು ಅಂತ ಕಲಿತಿರುತ್ತೇವೆ. ಲೆವೆಲ್‌ನಲ್ಲಿ ಇಂಥ ನಿಧಾನ ಅಲೆ ಬಂದರೆ ಅದು ಉಲ್ಟಾ.

ನಿಮ್ಮ ಅಂಕಿಗಳನ್ನೇ ಹಾಕಿ ನೋಡೋಣ. ಗಂಟೆಗೆ 20 ಘನ ಮೀಟರ್ ಅಂದರೆ ನಿಮಿಷಕ್ಕೆ 0.333. ಅದನ್ನು 1.5ರಿಂದ ಭಾಗಿಸಿದರೆ 0.222. ಇದು ನಿಮ್ಮ ಡ್ರಮ್‌ನ ವೇಗ: ರಿಫ್ಲಕ್ಸ್ ಶೇ 1 ಬದಲಾದರೆ ಲೆವೆಲ್ ನಿಮಿಷಕ್ಕೆ ಶೇ 0.222 ಓಡುತ್ತದೆ. ಅಲೆಯ ಅವಧಿ ಹೀಗೆ ಬರುತ್ತದೆ: ಇಂಟಿಗ್ರಲ್ ಸಮಯವನ್ನು ವೇಗ ಮತ್ತು ಗೇನ್‌ನ ಗುಣಲಬ್ಧದಿಂದ ಭಾಗಿಸಿ, ವರ್ಗಮೂಲ ತೆಗೆದು, 6.28ರಿಂದ ಗುಣಿಸಿ. ಗೇನ್ 1 ಇದ್ದಾಗ 19 ನಿಮಿಷ ಬರುತ್ತದೆ. ಗೇನ್ 0.5 ಇದ್ದಾಗ 26.7. ಡ್ಯಾಂಪಿಂಗ್ ಸೇರಿಸಿದರೆ 20 ಮತ್ತು 27. ನೀವು ಟ್ರೆಂಡ್‌ನಲ್ಲಿ (ಪರದೆಯ ಗ್ರಾಫ್‌ನಲ್ಲಿ) ನೋಡಿದ್ದೂ ಅದೇ ಎರಡು ಸಂಖ್ಯೆ. ಕಾಗದದ ಮೇಲಿನ ಲೆಕ್ಕ ಕಾಲಂ ಜೊತೆ ಇಷ್ಟು ಚೆನ್ನಾಗಿ ಕೂಡಿದಾಗ ನನಗೆ ಇವತ್ತಿಗೂ ಮೈ ಜುಮ್ ಅನ್ನುತ್ತದೆ.

ಅಲೆ ಬರಬಾರದು ಅಂದರೆ ವೇಗ, ಗೇನ್, ಇಂಟಿಗ್ರಲ್ ಸಮಯ ಈ ಮೂರನ್ನು ಗುಣಿಸಿದರೆ 4 ಅಥವಾ ಜಾಸ್ತಿ ಇರಬೇಕು. ನಿಮ್ಮದು ಈಗ 0.22. ಮೊದಲು ಇದ್ದದ್ದು 0.44. ಗೇನ್ 2, ಇಂಟಿಗ್ರಲ್ 10 ನಿಮಿಷ ಹಾಕಿ. ಗುಣಲಬ್ಧ 4.4 ಆಗುತ್ತದೆ. ನಿಮ್ಮ ಡಿಸಿಎಸ್‌ನಲ್ಲಿ ಇಂಟಿಗ್ರಲ್ ನಿಮಿಷದಲ್ಲಿದೆಯೇ, ಸೆಕೆಂಡಿನಲ್ಲಿದೆಯೇ, ನಿಮಿಷಕ್ಕೆ ಎಷ್ಟು ರಿಪೀಟ್ ಅಂತ ಇದೆಯೇ ನೋಡಿಕೊಳ್ಳಿ. ಗೇನ್ ಬದಲು ಪ್ರೊಪೋರ್ಷನಲ್ ಬ್ಯಾಂಡ್ ಕೇಳಿದರೆ ಗೇನ್ 2 ಅಂದರೆ ಬ್ಯಾಂಡ್ 50.

ಅಲೆ ತಾನಾಗಿ ಸಾಯಬೇಕಿತ್ತಲ್ಲ, ಯಾಕೆ ಸಾಯುತ್ತಿಲ್ಲ ಅಂತ ನೀವು ಕೇಳಬಹುದು. ಮಿಲ್‌ನಿಂದ ಬರುವ ಸ್ಟೀಮ್ ಒತ್ತಡ ದಿನವಿಡೀ ಏರಿಳಿಯುತ್ತದೆ. ಉಯ್ಯಾಲೆ ನಿಲ್ಲುವ ಮೊದಲೇ ಇನ್ನೊಂದು ತಳ್ಳು ಬೀಳುತ್ತದೆ. ವಾಲ್ವ್ ಹಿಡಿದುಕೊಳ್ಳುತ್ತಿದ್ದರೆ ಅದೂ ಒಂದು ಕಾರಣ. ಅದಕ್ಕೆ ಪರೀಕ್ಷೆ ಇದೆ: ಲೆವೆಲ್ ಲೂಪ್ ಅನ್ನು 15-20 ನಿಮಿಷ ಮ್ಯಾನ್ಯುವಲ್‌ಗೆ ಹಾಕಿ, ಪಕ್ಕದಲ್ಲೇ ನಿಂತು ನೋಡಿ. ಅಲೆ ನಿಂತು ಲೆವೆಲ್ ಒಂದೇ ಕಡೆ ಸರಿಯುತ್ತಾ ಹೋದರೆ ತಪ್ಪು ನಿಮ್ಮ ಲೂಪ್‌ನದು. ಅಲೆ ಮುಂದುವರಿದರೆ ಬೇರೆ ಎಲ್ಲಿಂದಲೋ ಬರುತ್ತಿದೆ. ಆಮೇಲೆ ರಿಫ್ಲಕ್ಸ್ ವಾಲ್ವ್‌ಗೆ ಶೇ 0.5, ಮತ್ತೆ 0.5, ಮತ್ತೆ 0.5 ಕೊಡಿ. ಎಷ್ಟನೆಯದಕ್ಕೆ ಫ್ಲೋ ಕದಲಿತು ಅಂತ ಬರೆದಿಡಿ.

1991ರಲ್ಲಿ ನಾನು ಕೆಲಸ ಮಾಡುತ್ತಿದ್ದ ಒಂದು ಕಡೆ ಕಾಲಂನ ತಳದ ಲೆವೆಲ್ ಹೀಗೇ ಆಡುತ್ತಿತ್ತು. ಎರಡು ವಾರ ಪ್ರತಿ ದಿನ ಗೇನ್ ಇಳಿಸುತ್ತಾ ಹೋದೆ. ತಳದ ಫ್ಲೋ ಆಡಿದಂತೆ ಕೆಳಗಿನ ಟ್ರೇಗಳೂ ಆಡಿದವು, ಆಲ್ಕೋಹಾಲ್ ಲೀಸ್ ಜೊತೆ ಚರಂಡಿಗೆ ಹೋಯಿತು. ತಿಂಗಳ ಕೊನೆಗೆ ಲೆಕ್ಕ ಕೂಡದೆ ಇದ್ದಾಗ ಗೊತ್ತಾಯಿತು. ನನಗೆ ಹೇಳಿಕೊಟ್ಟವರು ಯಾರೂ ಇರಲಿಲ್ಲ. ಅದಕ್ಕೇ ಇದನ್ನು ಇಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ಆರ್‌ಎಸ್ ವಾಲ್ವ್ ಬಗ್ಗೆ ಊಟ ಮಾಡಿ ಬಂದು ಬರೆಯುತ್ತೇನೆ.


ಮೂರರಿಂದ ಹದಿನೈದು:

ಮುಂದುವರಿಸುತ್ತೇನೆ.

ನಿಮ್ಮ ಕಾಲಂಗೆ ಗಂಟೆಗೆ 2.5 ಘನ ಮೀಟರ್ ಸ್ಪಿರಿಟ್‌ಗೆ ಆಗುವಷ್ಟು ಆಲ್ಕೋಹಾಲ್ ಬರುತ್ತಿದೆ ಅಂದುಕೊಳ್ಳಿ. ನೀವು 2.4 ಎಳೆದರೆ ಉಳಿದ 100 ಲೀಟರ್ ಎಲ್ಲಿಗೆ ಹೋಗುತ್ತದೆ? ಇಂಪ್ಯೂರ್ ಕಟ್ ಎಷ್ಟಿತ್ತೋ ಅಷ್ಟೇ ಇದ್ದರೆ ಅದಕ್ಕೆ ಹೋಗಲು ತಳ ಬಿಟ್ಟು ಬೇರೆ ದಾರಿಯೇ ಇಲ್ಲ. ದಿನಕ್ಕೆ 2,400 ಲೀಟರ್. ಇನ್ನೂ ರಿಫ್ಲಕ್ಸ್ ಕೊಟ್ಟರೂ, ಸ್ಟೀಮ್ ಕೊಟ್ಟರೂ ಆ ಲೆಕ್ಕ ಬದಲಾಗುವುದಿಲ್ಲ. ಬಂದದ್ದಕ್ಕಿಂತ ಜಾಸ್ತಿ, 2.6 ಎಳೆದರೆ? ನೀರು ಟ್ರೇ ಟ್ರೇ ಹತ್ತಿ ಮೇಲೆ ಬರುತ್ತದೆ, ಸ್ಟ್ರೆಂತ್ ಬೀಳುತ್ತದೆ. ಬಂದದ್ದಕ್ಕೆ ಸರಿಯಾಗಿ ಎಳೆಯುವುದು ಮೊದಲ ಕೆಲಸ, ಎಷ್ಟು ಚೆನ್ನಾಗಿ ಬೇರ್ಪಡಿಸಬೇಕು ಎನ್ನುವುದು ಆಮೇಲಿನದು. ಡ್ಯೂಪಾಂಟ್‌ನಲ್ಲಿದ್ದ ಪೇಜ್ ಬಕ್ಲಿ 1964ರಲ್ಲೇ ಇದನ್ನು ಬಿಡಿಸಿ ಹೇಳಿದ್ದರು: ಮೊದಲು ವಸ್ತುವಿನ ಲೆಕ್ಕ ಸರಿ ಮಾಡು, ಗುಣಮಟ್ಟದ ಲೂಪ್ ಅದರ ಮೇಲೆ ಕೂರಲಿ ಅಂತ.

ಹಾಗಾದರೆ ಎಳೆತ ಸರಿ ಇದೆಯೋ ಇಲ್ಲವೋ ಅಂತ ಹೇಳುವವರು ಯಾರು? ನಿಮ್ಮ ಪಟ್ಟಿ ನೋಡಿ. ತಳದಲ್ಲಿ 106, 8ನೇ ಟ್ರೇಯಲ್ಲಿ 98, 16ರಲ್ಲಿ 86.5. ಅಲ್ಲಿ ಉಷ್ಣತೆ ಧುಮುಕುತ್ತಿದೆ. ಸಮುದ್ರ ಮಟ್ಟದಲ್ಲಿ ನೂರು ಅಣುಗಳಲ್ಲಿ ಎರಡು ಆಲ್ಕೋಹಾಲ್ ಇದ್ದರೆ 95.5 ಡಿಗ್ರಿ, ಹನ್ನೆರಡು ಇದ್ದರೆ 85.3. ಹತ್ತು ಡಿಗ್ರಿ ವ್ಯತ್ಯಾಸ! ಮಾತಾಡುವ ಟ್ರೇ ಎಂದರೆ ಇದು. 8ನೇ ಟ್ರೇ ಉಷ್ಣತೆ ಬಿದ್ದರೆ ಆಲ್ಕೋಹಾಲ್ ಕೆಳಗೆ ಇಳಿಯುತ್ತಿದೆ, ಎಳೆತ ಹೆಚ್ಚಿಸಬೇಕು. ಏರಿದರೆ ಕಡಿಮೆ ಮಾಡಬೇಕು. 8ನೇ ಟ್ರೇ ಉಷ್ಣತೆಯಿಂದ ಆರ್‌ಎಸ್ ಫ್ಲೋಗೆ ಕ್ಯಾಸ್ಕೇಡ್ ಕಟ್ಟಿ. ಡ್ರಮ್ ಲೆವೆಲ್ ರಿಫ್ಲಕ್ಸ್‌ಗೆ ಇರುವುದು ಸರಿಯಾಗಿದೆ, ದೊಡ್ಡ ಹರಿವೇ ಲೆವೆಲ್ ನೋಡಿಕೊಳ್ಳಬೇಕು. ತಳದ ಲೆವೆಲ್ ಲೀಸ್‌ಗೆ. ಸ್ಟೀಮ್ ಬರೀ ಫ್ಲೋ ಕಂಟ್ರೋಲ್.

ಅವಸರ ಬೇಡ. ಮೊದಲು ಫ್ಲೋ ಲೂಪ್‌ಗಳು, ಆಮೇಲೆ ಎರಡು ಲೆವೆಲ್, ಎಲ್ಲಕ್ಕಿಂತ ಕೊನೆಗೆ ಈ ಉಷ್ಣತೆ. ಡ್ರಮ್ ಆಡುತ್ತಿರುವಾಗ ರಿಫ್ಲಕ್ಸ್ ಆಡುತ್ತದೆ, ರಿಫ್ಲಕ್ಸ್ ಆಡಿದರೆ 8ನೇ ಟ್ರೇಯೂ ಆಡುತ್ತದೆ. ಆ ಸ್ಥಿತಿಯಲ್ಲಿ ಉಷ್ಣತೆ ಟ್ಯೂನ್ ಮಾಡಿದರೆ ಸುಮ್ನೆ ಶ್ರಮ.


ಕಡಲಾಚೆ ಕುಂದಾಪುರ:

ನಾನು ಕೊಲ್ಲಿ ದೇಶದ ಒಂದು ರಿಫೈನರಿಯಲ್ಲಿ ಪ್ರೋಸೆಸ್ ಕಂಟ್ರೋಲ್ ನೋಡುತ್ತೇನೆ. ಹಿರಿಯರು ಹೇಳಿದ್ದರಲ್ಲಿ ಲೆವೆಲ್ ವಿಷಯ ನೂರಕ್ಕೆ ನೂರು ಒಪ್ಪುತ್ತೇನೆ. ಆದರೆ ಉಷ್ಣತೆಯನ್ನು ಆರ್‌ಎಸ್ ಎಳೆತಕ್ಕೆ ಕಟ್ಟುವ ಬಗ್ಗೆ ಒಂದು ಮಾತು.

ಎಳೆತ ನಡೆಯುವುದು ಮೇಲಿನ ನಾಲ್ಕನೇ ಟ್ರೇಯಲ್ಲಿ. ಉಷ್ಣತೆ ನೋಡುವುದು ಕೆಳಗಿನ ಎಂಟನೆಯದರಲ್ಲಿ. ನಡುವೆ ಐವತ್ತು ಟ್ರೇ ಹತ್ತಿರ ಇವೆ. ದ್ರವ ಒಂದೊಂದು ಟ್ರೇ ಇಳಿಯಲು ಕೆಲವು ಸೆಕೆಂಡ್ ತೆಗೆದುಕೊಳ್ಳುತ್ತದೆ, ಒಟ್ಟಾರೆ ಕೆಲವು ನಿಮಿಷ ತಡ. ಸ್ಟೀಮ್ ಹಾಗಲ್ಲ, ಹಬೆ ಇಡೀ ಕಾಲಂ ಅನ್ನು ಸೆಕೆಂಡುಗಳಲ್ಲಿ ದಾಟುತ್ತದೆ. ನಮ್ಮಲ್ಲಿ ಕೆಳಗಿನ ಟ್ರೇ ಉಷ್ಣತೆಯನ್ನು ರೀಬಾಯ್ಲರ್‌ಗೇ (ತಳದ ದ್ರವ ಕುದಿಸುವ ಹೀಟರ್) ಕಟ್ಟುತ್ತೇವೆ. ಅದು ತುಂಬಾ ಚುರುಕಾಗಿ ಕೆಲಸ ಮಾಡುತ್ತದೆ. ಘಟಪ್ರಭಾ ದಂಡೆಯವರು ಅದನ್ನೂ ಯೋಚಿಸಬಹುದು.

ಒಂದು ಎಚ್ಚರಿಕೆ. ಎಳೆತಕ್ಕೆ ಒಂದು ಉಷ್ಣತೆ, ಸ್ಟೀಮ್‌ಗೆ ಇನ್ನೊಂದು ಉಷ್ಣತೆ ಅಂತ ಎರಡೂ ಕಡೆ ಒಟ್ಟಿಗೆ ಕಟ್ಟಬೇಡಿ. ಎರಡು ಲೂಪ್ ಜಗಳಕ್ಕೆ ಬೀಳುತ್ತವೆ. ಎಷ್ಟು ಜಗಳ ಅಂತ ಅಳೆಯಲು ಬ್ರಿಸ್ಟಲ್ ಎನ್ನುವವರು 1966ರಲ್ಲಿ ಒಂದು ಅಳತೆ ಕೊಟ್ಟರು, ರಿಲೇಟಿವ್ ಗೇನ್ ಅಂತ. 1 ಇದ್ದರೆ ಜಗಳವಿಲ್ಲ. ವುಡ್ ಮತ್ತು ಬೆರ್ರಿ 1973ರಲ್ಲಿ ಪ್ರಕಟಿಸಿದ ಮೆಥನಾಲ್-ನೀರಿನ ಸಣ್ಣ ಕಾಲಂಗೆ, ರಿಫ್ಲಕ್ಸ್ ಮತ್ತು ಸ್ಟೀಮ್ ಜೋಡಿಯಲ್ಲಿ, ಅದು 2 ಬರುತ್ತದೆ. ಅದನ್ನು ಸಂಭಾಳಿಸಬಹುದು. ಎರಡೂ ತುದಿ ತುಂಬಾ ಶುದ್ಧ ಇರುವ ಕಾಲಂಗೆ ಅದೇ ಜೋಡಿಯಲ್ಲಿ 35 ಬರುವ ಉದಾಹರಣೆ ಇದೆ. ಅಲ್ಲಿ ಒಂದು ಲೂಪ್ ಮ್ಯಾನ್ಯುವಲ್‌ಗೆ ಹೋದರೆ ಇನ್ನೊಂದರ ಟ್ಯೂನಿಂಗ್ ಪೂರ್ತಿ ಕೆಡುತ್ತದೆ. ಒಂದೇ ಕಡೆ ಕಟ್ಟಿ, ಇನ್ನೊಂದು ಕಡೆ ಸ್ವಲ್ಪ ಜಾಸ್ತಿ ಸ್ಟೀಮ್ ಕೊಟ್ಟು ನೆಮ್ಮದಿಯಾಗಿರಿ.


ಮೂರರಿಂದ ಹದಿನೈದು:

ಕುಂದಾಪುರದವರ ಮಾತು ಸರಿ, ಸ್ಟೀಮ್ ಚುರುಕು. ಆದರೆ ಇವರ ಕಾಲಂ ಬೇರೆ ಥರ. ಫೀಡೇ ಹಬೆಯಾಗಿ ಬರುತ್ತದೆ, ಹಬೆಯ ಹೆಚ್ಚಿನ ಪಾಲು ಅನಲೈಸರ್‌ನದು. ತಳದ ಸ್ಟೀಮ್ ಸಣ್ಣ ಪಾಲು, ಅದರ ಕೈಗೆ ಬಲ ಕಡಿಮೆ. ಅದೂ ಅಲ್ಲದೆ ಇವರಿಗೆ ಸ್ಟೀಮ್ ಕೊಡುವುದು ಮಿಲ್ ಟರ್ಬೈನ್‌ನಿಂದ ಹೊರಬಂದ ಹಬೆ. ಕಬ್ಬು ನಿಂತರೆ ಹಬೆಯೂ ಬೀಳುತ್ತದೆ. ರಿಫೈನರಿಯಲ್ಲಿ ನಿಮಗೆ ಆ ಕಷ್ಟ ಇರಲಿಕ್ಕಿಲ್ಲ. ಇನ್ನೊಂದು, ಉಷ್ಣತೆ ಬಿದ್ದಿತು ಅಂತ ಸ್ಟೀಮ್ ಹೆಚ್ಚಿಸುತ್ತಾ ಹೋಗಿ ಎಳೆತ ಮಾತ್ರ ಕಡಿಮೆಯೇ ಉಳಿದರೆ, ಕೂಡಿಕೊಂಡ ಆಲ್ಕೋಹಾಲ್ ಹೊರಗೆ ಹೋಗುವುದೇ ಇಲ್ಲ. ಕೊನೆಗೆ ಟ್ರೇಗಳಲ್ಲಿ ದ್ರವ ಇಳಿಯದೆ ತುಂಬಿಕೊಂಡು ಕಾಲಂ ಫ್ಲಡ್ ಆಗುತ್ತದೆ. ನಾನಾಗಿದ್ದರೆ ಎಳೆತಕ್ಕೇ ಕಟ್ಟುತ್ತೇನೆ, ತಡ ಇದ್ದರೂ ಸರಿ. ಕಾಲಂನ ಮೇಲೆ ಕೆಳಗಿನ ಒತ್ತಡದ ವ್ಯತ್ಯಾಸಕ್ಕೆ ಒಂದು ಮಿತಿ ಹಾಕಿ, ಅದು ಮೀರಿದರೆ ಸ್ಟೀಮ್ ತಾನಾಗಿ ಇಳಿಯುವಂತೆ ಮಾಡಿ.

ಉಷ್ಣತೆಯನ್ನು ಒಂದೇ ಕಡೆ ಕಟ್ಟಬೇಕು ಎನ್ನುವುದರಲ್ಲಿ ನಮ್ಮಿಬ್ಬರದೂ ಒಂದೇ ಮಾತು.


ರಾತ್ರಿ ಪಾಳಿ:

ನಾನು ಎಂಜಿನಿಯರ್ ಅಲ್ಲ, ಬೆಳಗಾವಿ ಜಿಲ್ಲೆಯ ಒಂದು ಡಿಸ್ಟಿಲರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಕಾಲಂ ಓಡಿಸುತ್ತೇನೆ. ನಮ್ಮಲ್ಲೂ ಹೀಗೇ ಕೆಳಗಿನ ಟ್ರೇ ಉಷ್ಣತೆಯಿಂದ ಆರ್‌ಎಸ್ ಎಳೆತ ಆಟೋ ಇದೆ. ಚೆನ್ನಾಗಿ ಓಡುತ್ತದೆ. ಆದರೆ ನೀವು ಕಂಟ್ರೋಲ್ ರೂಮ್‌ನಲ್ಲಿ ಕೂತವರಿಗೆ ಕಾಣದ ಕೆಲವು ಇವೆ.

ಫ್ಯೂಸೆಲ್ ಎಣ್ಣೆ (ಭಾರದ ಆಲ್ಕೋಹಾಲ್‌ಗಳ ಮಿಶ್ರಣ) ತೆಗೆಯುವುದನ್ನು ಯಾರಾದರೂ ನಿಲ್ಲಿಸಿದರೆ ಅದು ನಡುವಿನ ಕೆಳಗಿನ ಟ್ರೇಗಳಲ್ಲಿ ಕೂಡಿಕೊಳ್ಳುತ್ತದೆ. ಆಗ ಉಷ್ಣತೆ ಸುಳ್ಳು ಹೇಳುತ್ತದೆ. ಆಲ್ಕೋಹಾಲ್ ಎಷ್ಟಿದೆ ಎನ್ನುವುದರ ಬದಲು ಎಣ್ಣೆ ಎಷ್ಟಿದೆ ಅಂತ ಹೇಳುತ್ತಿರುತ್ತದೆ. ಆಟೋ ಹಾಕುವ ಮೊದಲು ಫ್ಯೂಸೆಲ್ ತೆಗೆತ ಒಂದೇ ಸಮ ಇರಲಿ.

ಎಳೆತಕ್ಕೆ ಮೇಲೆ ಕೆಳಗೆ ಎರಡೂ ಕಡೆ ಬೇಲಿ ಹಾಕಿ. ವಾಶ್ ನಿಂತಾಗ ಉಷ್ಣತೆ ಏರುತ್ತದೆ, ಲೂಪ್ ಎಳೆತ ಮುಚ್ಚುತ್ತಾ ಹೋಗುತ್ತದೆ. ವಾಶ್ ವಾಪಸ್ ಬಂದಾಗ ಅದು ಎಚ್ಚರವಾಗಲು ಹೊತ್ತು ಬೇಕು. ನಾವು ವಾಶ್ ಫ್ಲೋ ಒಂದು ಮಟ್ಟಕ್ಕಿಂತ ಬಿದ್ದರೆ ಲೂಪ್ ತಾನೇ ಮ್ಯಾನ್ಯುವಲ್‌ಗೆ ಬರುವಂತೆ ಮಾಡಿಸಿಕೊಂಡಿದ್ದೇವೆ.

ಮಳೆ. ಜೋರು ಮಳೆ ಬಂದು ಕಾಲಂ ಮೇಲೆ ಬಿದ್ದರೆ, ಅದರಲ್ಲೂ ಮೇಲಿನ ಹೊದಿಕೆ ಕಿತ್ತುಹೋಗಿದ್ದರೆ, ಒಳಗೇ ಹಬೆ ತಣಿದು ಸುರಿಯುತ್ತದೆ. ರಿಫ್ಲಕ್ಸ್ ಮೀಟರ್ ಅದನ್ನು ತೋರಿಸುವುದಿಲ್ಲ. ಹತ್ತು ನಿಮಿಷದಲ್ಲಿ ಕೆಳಗಿನ ಉಷ್ಣತೆ ಬೀಳುತ್ತದೆ. ಆಗ ಗಾಬರಿಯಾಗಿ ಎಲ್ಲ ತಿರುಗಿಸಬೇಡಿ ಅಂತ ಪಾಳಿಯವರಿಗೆ ಹೇಳಿಡಿ.

ಮತ್ತೆ, ಹೈಡ್ರೋಮೀಟರ್ ಬಿಡಬೇಡಿ. ನಾವು ಈಗಲೂ ಗಂಟೆಗೊಮ್ಮೆ ನೋಡುತ್ತೇವೆ, 66 ಓಪಿ (ಓವರ್ ಪ್ರೂಫ್) ಬರಬೇಕು. ಗಾತ್ರದಲ್ಲಿ ಶೇ 95ರ ಹತ್ತಿರ ಅಂದರೂ ಅದೇ. ಸ್ಯಾಂಪಲ್ ಉಷ್ಣತೆಗೆ ತಿದ್ದಿ ಓದಬೇಕು. ಲೀಸ್‌ನ ಸ್ಯಾಂಪಲ್ ಮಾತ್ರ ಲ್ಯಾಬ್‌ಗೇ ಕಳಿಸಿ, ಅಷ್ಟು ಕಡಿಮೆ ಆಲ್ಕೋಹಾಲ್ ಹೈಡ್ರೋಮೀಟರ್‌ಗೆ ನೇರವಾಗಿ ಸಿಗುವುದಿಲ್ಲ.

ವಾಲ್ವ್‌ಗಳು ಗಾಳಿ ಹೋದಾಗ ಯಾವ ಕಡೆ ಹೋಗುತ್ತವೆ ಅಂತ ನೀವೇ ಗಾಳಿ ಮುಚ್ಚಿ ನೋಡಿ, ಕಾಗದ ನಂಬಬೇಡಿ. ಸ್ಟೀಮ್ ಮುಚ್ಚಬೇಕು, ಆರ್‌ಎಸ್ ಮುಚ್ಚಬೇಕು, ರಿಫ್ಲಕ್ಸ್ ತೆರೆಯಬೇಕು, ತಣಿಸುವ ನೀರು ತೆರೆದೇ ಇರಬೇಕು. ಇದು ಬೆಂಕಿಯ ಜೊತೆಗಿನ ಕೆಲಸ.


ಘಟಪ್ರಭಾ ದಂಡೆ:

ಎಲ್ಲರಿಗೂ ಕೈ ಮುಗಿಯುತ್ತೇನೆ. ಒಂಬತ್ತು ದಿನ ಆಯಿತು, ಏನೇನಾಯಿತು ಅಂತ ಹೇಳುತ್ತೇನೆ.

ಲೆವೆಲ್ ಲೂಪ್ ಮ್ಯಾನ್ಯುವಲ್‌ಗೆ ಹಾಕಿದೆ. 18 ನಿಮಿಷ ಲೆವೆಲ್ ಮೆಲ್ಲಗೆ ಮೇಲೆ ಸರಿಯಿತು, ಅಲೆ ಇರಲಿಲ್ಲ. ವಾಲ್ವ್ ಎರಡನೇ ಅರ್ಧಕ್ಕೆ, ಅಂದರೆ ಶೇ 1ಕ್ಕೆ, ಕದಲಿತು. ಆಮೇಲೆ ಗೇನ್ 2, ಇಂಟಿಗ್ರಲ್ 10 ನಿಮಿಷ ಹಾಕಿದೆ. ಕೈ ನಡುಗುತ್ತಿತ್ತು, ಆಡುತ್ತಿರುವ ಲೂಪ್‌ಗೆ ಗೇನ್ ನಾಲ್ಕು ಪಟ್ಟು ಮಾಡುವುದು ಅಂದರೆ. ಮುಕ್ಕಾಲು ಗಂಟೆಯಲ್ಲಿ ಲೆವೆಲ್ ಗೆರೆ ಎಳೆದ ಹಾಗೆ ನಿಂತಿತು. ಮೂರು ಪಾಳಿಯವರೂ ಬಂದು ಟ್ರೆಂಡ್ ನೋಡಿ ಹೋದರು. 16 ಮತ್ತು 30ನೇ ಟ್ರೇಗಳಲ್ಲೂ ಅಲೆ ಇತ್ತು, ಅದು ಕಾಲಂನದೇ ಸ್ವಭಾವ ಅಂದುಕೊಂಡಿದ್ದೆ. ಅದೂ ಹೋಯಿತು.

ವಾಲ್ವ್‌ಗಳ ಗಾಳಿ ಮುಚ್ಚಿ ನೋಡಿದೆವು. ಆರ್‌ಎಸ್ ವಾಲ್ವ್ ಕಾಗದದಲ್ಲಿ ಮುಚ್ಚಬೇಕು ಅಂತ ಇತ್ತು, ನಿಜದಲ್ಲಿ ತೆರೆಯಿತು. ಬದಲಾಯಿಸಿದ್ದೇವೆ. ರಾತ್ರಿ ಪಾಳಿಯವರಿಗೆ ಇದಕ್ಕಾಗಿ ವಿಶೇಷ ಧನ್ಯವಾದ.

ನಿನ್ನೆ ಮಿಲ್ ಸಮನಾಗಿ ಓಡುತ್ತಿದ್ದ ಹೊತ್ತಿನಲ್ಲಿ ಸ್ಟೆಪ್ ಟೆಸ್ಟ್ ಮಾಡಿದೆ. ಆರ್‌ಎಸ್ 2.5ರಿಂದ 2.4ಕ್ಕೆ ಇಳಿಸಿದೆ. ಫ್ಲೋ ರೇಂಜ್ 5 ಘನ ಮೀಟರ್. ಮೂರು ನಿಮಿಷ 8ನೇ ಟ್ರೇಯಲ್ಲಿ ಏನೂ ಆಗಲಿಲ್ಲ. ಆಮೇಲೆ ನಿಮಿಷಕ್ಕೆ 0.1 ಡಿಗ್ರಿಯಂತೆ ಬೀಳುತ್ತಾ ಹೋಯಿತು. 20 ನಿಮಿಷ ಆದರೂ ನಿಲ್ಲಲಿಲ್ಲ. ಹೆದರಿ 2.5ಕ್ಕೆ ವಾಪಸ್ ತಂದೆ. ಉಷ್ಣತೆಯ ರೇಂಜ್ 50ರಿಂದ 150. ಎಲ್ಲಿ ನಿಲ್ಲುತ್ತದೆ ಅಂತ ಗೊತ್ತಾಗದೆ ಟ್ಯೂನ್ ಮಾಡುವುದು ಹೇಗೆ?


ಮೂರರಿಂದ ಹದಿನೈದು:

ವಾಪಸ್ ತಂದದ್ದು ಒಳ್ಳೆಯದಾಯಿತು. ನಿಲ್ಲುವವರೆಗೆ ಕಾಯಬೇಕಾಗಿಲ್ಲ. ಗಂಟೆಗಟ್ಟಲೆ ಬೀಳುತ್ತಾ ಹೋಗುತ್ತದೆ, ಅಷ್ಟರಲ್ಲಿ ಲೀಸ್‌ನಲ್ಲಿ ಆಲ್ಕೋಹಾಲ್ ಹೋಗಿರುತ್ತದೆ. ಇಷ್ಟು ನಿಧಾನ ಇದ್ದಾಗ ಇದನ್ನೂ ಒಂದು ತೊಟ್ಟಿ ಅಂತಲೇ ನೋಡಿ. ನಾರ್ವೆಯ ಟ್ರಾಂಡ್‌ಹೈಮ್‌ನ ಪ್ರಾಧ್ಯಾಪಕ ಸ್ಕೋಗೆಸ್ಟಾಡ್ 2003ರಲ್ಲಿ ಕೊಟ್ಟ ಸರಳ ಸೂತ್ರ ಇಲ್ಲಿ ಹೇಳಿ ಮಾಡಿಸಿದಂತಿದೆ.

ಎಳೆತ 5ರಲ್ಲಿ 0.1, ಅಂದರೆ ಶೇ 2 ಬದಲಾಯಿತು. ಉಷ್ಣತೆಯ ರೇಂಜ್ 100 ಡಿಗ್ರಿ, ಹಾಗಾಗಿ 0.1 ಡಿಗ್ರಿ ಅಂದರೆ ಶೇ 0.1. ಭಾಗಿಸಿದರೆ ವೇಗ 0.05. ತಡ 3 ನಿಮಿಷ. ಲೂಪ್ ಎಷ್ಟು ಬೇಗ ಬರಬೇಕು ಎನ್ನುವುದಕ್ಕೂ ಅದೇ 3 ಇಟ್ಟುಕೊಳ್ಳಿ. ಎರಡೂ ಕೂಡಿ 6. ಗೇನ್ ಎಂದರೆ 1ನ್ನು 0.05 ಮತ್ತು 6ರ ಗುಣಲಬ್ಧದಿಂದ ಭಾಗಿಸಿದ್ದು, 3.3. ಇಂಟಿಗ್ರಲ್ ಆರರ ನಾಲ್ಕು ಪಟ್ಟು, 24 ನಿಮಿಷ. ಮೂರನ್ನೂ ಗುಣಿಸಿ ನೋಡಿ: ಹತ್ತಿರ ಹತ್ತಿರ 4 ಬರುತ್ತದೆ. ಡ್ರಮ್‌ಗೆ ಹೇಳಿದ ಅದೇ 4.

ಒಂದು ಡಿಗ್ರಿ ಬದಲಾದರೆ ಎಳೆತ ಗಂಟೆಗೆ 165 ಲೀಟರ್ ಬದಲಾಗುತ್ತದೆ. ಮೊದಲ ದಿನಕ್ಕೆ ಜಾಸ್ತಿ ಅನಿಸಿದರೆ ಗೇನ್ ಅರ್ಧ ಮಾಡಿ, 1.65. ಆದರೆ ಆಗ ಇಂಟಿಗ್ರಲ್ ಅನ್ನು 48ಕ್ಕೆ ಒಯ್ಯಲೇಬೇಕು. ಗೇನ್ ಇಳಿಸಿ ಇಂಟಿಗ್ರಲ್ ಹಾಗೇ ಬಿಟ್ಟರೆ ಮತ್ತೆ ಅದೇ ಉಯ್ಯಾಲೆ. ಡೆರಿವೇಟಿವ್ ಸೊನ್ನೆ ಇರಲಿ. ಉಷ್ಣತೆ ಏರಿದಾಗ ಎಳೆತ ಇಳಿಯಬೇಕು, ದಿಕ್ಕು ಎರಡು ಸಲ ನೋಡಿಕೊಳ್ಳಿ. ಬೇಲಿ 2.2 ಮತ್ತು 2.7ರಲ್ಲಿ ಹಾಕಿ.

ತಳದ ಒತ್ತಡ ನಾಲ್ಕೈದು ಕಿಲೋಪ್ಯಾಸ್ಕಲ್ ಆಡುತ್ತಿದ್ದರೆ ಹೇಳಿ, ಉಷ್ಣತೆಗೆ ಒತ್ತಡದ ತಿದ್ದುಪಡಿ ಸೇರಿಸೋಣ. ಅಷ್ಟು ಆಡಿದರೆ ಒಂದು ಡಿಗ್ರಿ ಅದರಿಂದಲೇ ಬರುತ್ತದೆ. ಆಡದಿದ್ದರೆ ಸದ್ಯಕ್ಕೆ ಬೇಡ.

ಹಗಲು ಪಾಳಿ ಶುರುವಾಗುವ ಹೊತ್ತಿಗೆ ಆಟೋ ಹಾಕಿ. ಆ ರಾತ್ರಿ ನೀವೂ ಪ್ಲಾಂಟ್‌ನಲ್ಲೇ ಇರಿ. ಲೀಸ್ ಸ್ಯಾಂಪಲ್ ಎರಡು ಗಂಟೆಗೊಮ್ಮೆ ಲ್ಯಾಬ್‌ಗೆ ಹೋಗಲಿ. ಬೆಳಿಗ್ಗೆ 8ನೇ ಟ್ರೇ, ಆರ್‌ಎಸ್ ಫ್ಲೋ, ಲೀಸ್ ಮೂರೂ ಒಂದೇ ಟ್ರೆಂಡ್‌ನಲ್ಲಿ ಇಟ್ಟು ಇಲ್ಲಿ ಬರೆಯಿರಿ. ನಾನು ಕಾಯುತ್ತಿರುತ್ತೇನೆ.